ಪುಟ್ಟಾಚಾರ್ರಿಗೆ ನಾನು ಹಾಕಿದ ಆರು ಸೂಜಿ

1998ರಲ್ಲಿ ನಾನು ಸಕಲೇಶಪುರ ತಾಲ್ಲೂಕಿನ ಯಸಳೂರು ಹೋಬಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದೆ. ಸುತ್ತಲಿನ ನಾಲ್ಕೈದು ಕಾಫಿ ಎಸ್ಟೇಟ್‌ಗಳು ಕೂಡಿ ತಮ್ಮ ಕೆಲಸಗಾರರಿಗೆಂದು ನಡೆಸುತ್ತಿದ್ದ ಹನ್ನೆರಡು ಹಾಸಿಗೆಯ ಆಸ್ಪತ್ರೆ ಅದು. ಹೆರಿಗೆ, ಹಾವು ಕಡಿತ, ಮರದಿಂದ ಬಿದ್ದು ಮುರಿದ ಕಾಲು, ಎಲ್ಲಕ್ಕೂ ನಾನೊಬ್ಬನೇ. ಜೊತೆಗೆ ಮಂಗಳೂರು ಕಡೆಯ ಸಿಸ್ಟರ್ ಫಿಲೋಮಿನಾ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನನಗಿಂತ ಹೆಚ್ಚು ತಾಳ್ಮೆಯವರು. ನನಗೆ ಆಗ ನಲವತ್ತೆರಡು. ಅಲ್ಲಿಗೆ ಹೋಗಿ ಒಂಬತ್ತು ವರ್ಷವಾಗಿತ್ತು, ಒಂಬತ್ತು ವರ್ಷದಲ್ಲಿ ಒಂದಿಷ್ಟು ಹೆಸರೂ ಬಂದಿತ್ತು.

ಆ ಹೆಸರು ಬಂದದ್ದು ಮೈಲುತುತ್ತದಿಂದ. ಕಾಫಿಗೆ, ಮೆಣಸಿಗೆ ರೋಗ ಬಾರದಂತೆ ಮೈಲುತುತ್ತವನ್ನು ಸುಣ್ಣದ ಜೊತೆ ಕದಡಿ ಸಿಂಪಡಿಸುತ್ತಾರೆ. ಹಾಗಾಗಿ ಪ್ರತಿ ಎಸ್ಟೇಟಿನ ಸ್ಟೋರಿನಲ್ಲೂ ಅದರ ಚೀಲಗಳಿರುತ್ತವೆ. ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ಗಂಡ ಹೆಂಡಿರ ಜಗಳವೋ, ಕುಡಿತದ ಗಲಾಟೆಯೋ ಮಿತಿ ಮೀರಿದಾಗ ಯಾರಾದರೂ ಒಬ್ಬರು ಅದನ್ನು ನೀರಿಗೆ ಹಾಕಿ ಕುಡಿದುಬಿಡುತ್ತಿದ್ದರು. ತಾಮ್ರದ ವಿಷ. ಅದಕ್ಕೆಂದೇ ನಮ್ಮ ಬೀರುವಿನಲ್ಲಿ ಬಿ.ಎ.ಎಲ್. ಎಂಬ ಇಂಜೆಕ್ಷನ್ ಸದಾ ಇಡುತ್ತಿದ್ದೆ. ಎಣ್ಣೆಯಲ್ಲಿ ಕಲಸಿದ ಔಷಧ, ಕೊಳೆತ ಬೆಳ್ಳುಳ್ಳಿಯ ವಾಸನೆ. ಸೊಂಟದ ಮಾಂಸಖಂಡಕ್ಕೆ ಆಳವಾಗಿ ಹಾಕಿದರೆ ರೋಗಿ ನೋವಿಗೆ ಚೀರುತ್ತಾನೆ. ಆದರೆ ಅದು ರಕ್ತದಲ್ಲಿರುವ ಲೋಹವನ್ನು ಹಿಡಿದುಕೊಂಡು ಮೂತ್ರದ ದಾರಿಯಲ್ಲಿ ಹೊರಗೆ ಸಾಗಿಸುತ್ತದೆ. ಇಂಥ ಚಿಕಿತ್ಸೆಗೆ ಕೀಲೇಶನ್ ಥೆರಪಿ ಎನ್ನುತ್ತಾರೆ. ಇನ್ನೇನು ಹೋದರು ಎಂದುಕೊಂಡ ಮೂವರನ್ನು ನಾನು ಅದರಿಂದ ಉಳಿಸಿದ್ದೆ. 'ಡಾಕ್ಟ್ರ ಸೂಜಿ' ಎಂದರೆ ಆ ಸೀಮೆಯಲ್ಲಿ ಅದೇ. ನನಗೂ ಆ ಮಾತು ಕೇಳಿದರೆ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಮಾರ್ಚ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ ಪುಟ್ಟಾಚಾರ್ರು ಬಂದು ಕೂತರು. ಊರಿನ ಅಕ್ಕಸಾಲಿ. ವಯಸ್ಸು ನಲವತ್ತಾರು, ಸಣ್ಣ ದೇಹ. ಊದುಗೊಳವೆಯಿಂದ ಬೆಂಕಿ ಊದಿ ಊದಿ ಕೆನ್ನೆಗಳು ಜೋತು, ಎರಡು ಪುಟ್ಟ ಚೀಲಗಳ ಹಾಗೆ ಆಗಿದ್ದವು. ನನ್ನ ಹೆಂಡತಿಯ ಓಲೆಯ ತಿರುಪು ಸರಿಮಾಡಿಕೊಟ್ಟು, 'ಏಯ್, ಇದಕ್ಕೆಲ್ಲ ಏನ್ ತಗೊಳ್ಳಾದು' ಎಂದು ಕೈ ಮುಗಿದು ಕಳಿಸಿದ್ದ ಮನುಷ್ಯ.

"ನಿನ್ನೆ ಸಂಜೆಯಿಂದ ಚಳಿ ಸಾರ್. ಮೈಯೆಲ್ಲ ಕುಟ್ಟಿ ಹಾಕ್ದಂಗಾಗೈತೆ. ಗಂಟ್ಲು ಕೆರೀತೈತೆ. ಬಾಯೊಂಥರಾ ಸೀ ಸೀ, ಬೀಡಿ ಹಚ್ಚುದ್ರೆ ಬೀಡಿ ರುಚೀನೇ ಇಲ್ಲ."

ಜ್ವರ ನೂರಾ ಒಂದು ಡಿಗ್ರಿ. ಎದೆ ಸ್ವಚ್ಛವಾಗಿತ್ತು. ಆ ವಾರ ಫ್ಲೂ ಜ್ವರದ ಹತ್ತಾರು ಜನರನ್ನು ನೋಡಿದ್ದೆ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಯಾವಾಗ ಶುರುವಾಯಿತು ಎಂದು ಕೇಳಿದೆ, ಊಟ ಸೇರುತ್ತದೆಯೇ ಎಂದು ಕೇಳಿದೆ. ನಿನ್ನೆ ಏನು ಕೆಲಸ ಮಾಡಿದಿರಿ ಎಂದು ಕೇಳಲಿಲ್ಲ. ಜ್ವರದ ಮಾತ್ರೆ ಬರೆದು, ಬಿಸಿನೀರು ಕುಡಿಯಿರಿ, ಬೀಡಿ ಬಿಡಿ ಎಂದು ಹೇಳಿ ಕಳಿಸಿದೆ. ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಊರಿನಲ್ಲಿ ಬಾಡಿಗೆ ಓಡಿಸುತ್ತಿದ್ದ ಖಾದರ್ ಸಾಬರ ಜೀಪು ಹಾರ್ನ್ ಬಿಡದೆ ಒತ್ತುತ್ತಾ ಆಸ್ಪತ್ರೆ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಪುಟ್ಟಾಚಾರ್ರು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿ ಉಸಿರಿಗಾಗಿ ಒದ್ದಾಡುತ್ತಿದ್ದರು. ತುಟಿ ನೀಲಿಯಾಗಿತ್ತು. ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಅವರ ಹೆಂಡತಿ ಗೌರಮ್ಮ ಸೆರಗಿನಿಂದ ಅದನ್ನು ಒರೆಸುತ್ತಾ ಒಂದೇ ಮಾತು ಹೇಳುತ್ತಿದ್ದರು, "ನಿನ್ನೆ ವಾಸಿಯಾಗಿದ್ರು ಸಾರ್, ನಿನ್ನೆ ಎದ್ದು ಕೂತು ಕಾಫಿ ಕುಡುದ್ರು."

ಆಕ್ಸಿಜನ್ ಹಚ್ಚಿದೆವು. ನಮ್ಮ ಹಳೆಯ ಎಕ್ಸ್‌ರೇ ಮಷಿನ್ನಿನಲ್ಲಿ ಚಿತ್ರ ತೆಗೆದರೆ ಎರಡೂ ಶ್ವಾಸಕೋಶ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಎರಡೇ ದಿನದಲ್ಲಿ ಫ್ಲೂ ಹೀಗೆ ಮಾಡುವುದಿಲ್ಲ. ಬುಧವಾರ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಗೌರಮ್ಮನಿಗೆ ಕೇಳಿದೆ.

"ಮಂಗಳವಾರ ಕೆಡಿಎಂ ಕರಗುಸುದ್ರು ಸಾರ್. ಹೊಂಗಡಹಳ್ಳದೋರ ಮನೆ ಮದ್ವೆ ಒಡವೆ, ಬೇಜಾನ್ ಇತ್ತು. ಒಂದೇ ಸಲಕ್ಕೆ ಬೆಸುಗೆ ಮಾಡಿ ಇಟ್ಕತೀನಿ ಅಂತ ಬಾಗ್ಲು ಹಾಕ್ಕಂಡು ಕೂತ್ರು. ಹಳದಿ ಹಳದಿ ಹೊಗೆ. ಊಟಕ್ಕೆ ಕರೆಯಾಕೆ ಹೋದ್ರೆ ಒಳ್ಗೆ ಕಣ್ಣೇ ಬಿಡಕ್ಕಾಗ್ಲಿಲ್ಲ."

ಕೆಡಿಎಂ ಎಂದರೆ ಕ್ಯಾಡ್ಮಿಯಂ. ಆ ವರ್ಷಗಳಲ್ಲಿ ಆಭರಣದಂಗಡಿಗಳ ಬೋರ್ಡಿನ ಮೇಲೆಲ್ಲ ಆ ಮೂರಕ್ಷರ ರಾರಾಜಿಸುತ್ತಿದ್ದವು. ಹಿಂದೆ ಅಕ್ಕಸಾಲಿಗಳು ಒಡವೆಯ ಕೊಂಡಿಗಳನ್ನು ಬೆಸೆಯಲು ತಾಮ್ರ ಬೆಳ್ಳಿ ಬೆರೆಸಿದ ಬೆಸುಗೆ ಬಳಸುತ್ತಿದ್ದರು. ಮುಂದೆ ಒಡವೆ ಕರಗಿಸಿದರೆ ಆ ತಾಮ್ರ ಚಿನ್ನದಲ್ಲೇ ಉಳಿದು ಅದರ ಗುಣ ಕೆಡುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಬೆಂಕಿಗೆ ಹಾರಿಹೋಗುತ್ತದೆ, ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ. ಗಿರಾಕಿಗಳಿಗೆ ಅದೇ ಬೇಕಾಗಿತ್ತು. ಹಾರಿದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಅಕ್ಕಸಾಲಿಯ ಕೋಣೆಯಲ್ಲಿ ಗಾಳಿ ಆಡುವಂತಿಲ್ಲ. ಬೆಸುಗೆಯ ಚೂರು ಸಾಸಿವೆಗಿಂತ ಸಣ್ಣದು, ಅರ ಉಜ್ಜಿದಾಗ ಉದುರುವ ಚಿನ್ನದ ಪುಡಿ ಕಣ್ಣಿಗೇ ಕಾಣುವುದಿಲ್ಲ. ಒಂದು ಸಲ ಗಾಳಿ ಬೀಸಿದರೆ ಎರಡೂ ಹೋದವು. ಫ್ಯಾನು ಇಲ್ಲ, ಕಿಟಕಿಗೆ ಗೋಣಿಯ ಪರದೆ. ಮಾರ್ಚ್ ತಿಂಗಳಿನಲ್ಲಿ ಗುಡ್ಡದ ಮೇಲಿನಿಂದ ಬೀಸುವ ಗಾಳಿಗೆ ಬಾಗಿಲನ್ನೂ ಹಾಕಿಕೊಳ್ಳುತ್ತಿದ್ದರು. ಪುಟ್ಟಾಚಾರ್ರು ಎರಡು ವರ್ಷದಿಂದ ಚೂರುಚೂರೇ ಕ್ಯಾಡ್ಮಿಯಂ ಕರಗಿಸಿ ಬೆಸುಗೆ ಮಾಡಿಕೊಂಡು ಬಂದಿದ್ದರು, ಏನೂ ಆಗಿರಲಿಲ್ಲ. ಅಂದು ಮದುವೆಯ ಅವಸರಕ್ಕೆ ಇಡೀ ಕಡ್ಡಿಯನ್ನೇ ಕಾದ ಮೂಸೆಗೆ ಹಾಕಿ, ಮೂರು ಗಂಟೆ ಅದರ ಮೇಲೆ ಬಗ್ಗಿ ಕೂತಿದ್ದರು.

ಕ್ಯಾಡ್ಮಿಯಂ ಹೊಗೆ ಕುಡಿದವನಿಗೆ ಮೊದಲ ದಿನ ಬರುವುದು ಥೇಟ್ ಫ್ಲೂ ಜ್ವರವೇ. ಮರುದಿನ ಬೆವರಿ ಹಗುರಾಗುತ್ತಾನೆ, ಗುಣವಾಯಿತು ಎಂದುಕೊಳ್ಳುತ್ತಾನೆ. ಅಷ್ಟರಲ್ಲಿ ಶ್ವಾಸಕೋಶ ಒಳಗೇ ಸುಟ್ಟು ನೀರು ತುಂಬುತ್ತಿರುತ್ತದೆ. ಇಷ್ಟು ನನಗೆ ಕಾಲೇಜಿನ ಪಾಠದಿಂದ ನೆನಪಾಯಿತು. ಕಾಯಿಲೆ ಪತ್ತೆ ಮಾಡಿದೆನಲ್ಲ ಎಂಬ ಉಮೇದು ಕೂಡ ಬಂತು. ಡಾಕ್ಟರುಗಳಿಗೆ ಈ ಉಮೇದು ಬಹಳ ಅಪಾಯಕಾರಿ.

ಇದು ಲೋಹದ ವಿಷ ಎಂದೆ. ಗೌರಮ್ಮ ನನ್ನ ಮುಖ ನೋಡಿ ಕೈ ಮುಗಿದರು. "ಲೋಹದ ವಿಷ ಅಂದ್ರಲ್ಲ ಸಾರ್, ಮೈಲುತುತ್ತ ಕುಡಿದೋರ್ನೆಲ್ಲ ಉಳುಸ್ಬುಟ್ರಿ. ಆ ಸೂಜಿ ಇವ್ರಿಗೂ ಹಾಕಿ."

ಅವರು ಹೇಳುವ ಮೊದಲೇ ನಾನು ಬೀರುವಿನ ಕೀಲಿ ಕೈಗೆತ್ತಿಕೊಂಡಿದ್ದೆ.

ಸಿಸ್ಟರ್ ಫಿಲೋಮಿನಾ ಆಂಪೂಲ್ ಒಡೆಯುವ ಮುಂಚೆ ಒಂದು ಗಳಿಗೆ ನಿಂತರು. "ಡಾಕ್ಟ್ರೇ, ಇದು ಕ್ಯಾಡ್ಮಿಯಂಗೂ ಆಗ್ತದಾ? ಒಮ್ಮೆ ಬುಕ್ ನೋಡುವನಾ?"

"ಲೋಹ ಅಂದ್ರೆ ಲೋಹ ಸಿಸ್ಟರ್. ಪುಸ್ತಕ ಓದೋಕೆ ಇದು ಪರೀಕ್ಷೆ ಅಲ್ಲ," ಎಂದು ಗದರಿದೆ.

ಪುಸ್ತಕ ನನ್ನ ಕೋಣೆಯ ಕಪಾಟಿನಲ್ಲಿತ್ತು. ವಾರ್ಡಿನಿಂದ ಹತ್ತು ಹೆಜ್ಜೆ. ಸಿಸ್ಟರ್ ಔಷಧ ತುಂಬಿದರು. ಮೊದಲ ಸೂಜಿ ಬೆಳಿಗ್ಗೆ ಹನ್ನೊಂದಕ್ಕೆ. ಆಮೇಲೆ ನಾಲ್ಕು ಗಂಟೆಗೊಂದರಂತೆ, ಒಟ್ಟು ಆರು. ಮೈಲುತುತ್ತದವರು ಚೀರುತ್ತಿದ್ದರು, ಪುಟ್ಟಾಚಾರ್ರಿಗೆ ಚೀರಲು ಉಸಿರೇ ಇರಲಿಲ್ಲ. ಹಲ್ಲು ಕಚ್ಚಿ ಹೆಂಡತಿಯ ಕೈ ಹಿಡಿದುಕೊಳ್ಳುತ್ತಿದ್ದರು. ಆಕ್ಸಿಜನ್, ಸ್ಟಿರಾಯ್ಡ್ ಎರಡೂ ಜೊತೆಗೆ ನಡೆದವು.

ಶನಿವಾರ ಬೆಳಿಗ್ಗೆ ಉಸಿರಾಟ ಸುಧಾರಿಸಿತ್ತು. ತುಟಿಯ ನೀಲಿ ಕಡಿಮೆಯಾಗಿತ್ತು, ಎರಡು ಮಾತು ಆಡಿದರು. ನನ್ನ ಎದೆ ಉಬ್ಬಿತು. ಒಂಬತ್ತು ಗಂಟೆಗೆ ಮಂಗಳೂರಿನಲ್ಲಿದ್ದ ನನ್ನ ಹಳೆಯ ಪ್ರೊಫೆಸರರಿಗೆ ಎಸ್ಟಿಡಿ ಮಾಡಿದೆ. ಸಲಹೆ ಕೇಳಲು ಎಂದು ಸಿಸ್ಟರ್‌ಗೆ ಹೇಳಿದ್ದೆ. ನಿಜವಾಗಿ ಬೇಕಾಗಿದ್ದದ್ದು ಶಹಭಾಸ್‌ಗಿರಿ. ಕಾಡಿನ ಮೂಲೆಯಲ್ಲಿ ಕೂತು ಕ್ಯಾಡ್ಮಿಯಂ ಪತ್ತೆ ಹಚ್ಚಿದ ಶಿಷ್ಯರು ಎಷ್ಟು ಜನ ಇರುತ್ತಾರೆ!

ಅವರು ಎಲ್ಲ ಕೇಳಿಸಿಕೊಂಡು, "ಕೀಲೇಶನ್‌ಗೆ ಏನು ಕೊಟ್ಟೆ?" ಎಂದರು.

"ಬಿ.ಎ.ಎಲ್. ಸಾರ್. ಆರು ಡೋಸ್ ಆಯ್ತು."

ಶಹಭಾಸ್ ಬರುತ್ತದೆಂದು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಏಳನೇದು ಕೊಡಬೇಡ," ಎಂದರು. "ಮೂತ್ರ ಎಷ್ಟು ಬರ್ತಾ ಇದೆ ನೋಡಿ ಹೇಳು."

ಫೋನ್ ಇಟ್ಟು ವಾರ್ಡಿಗೆ ಹೋಗಿ ನೋಡಿದೆ. ರಾತ್ರಿಯಿಂದ ಮೂತ್ರದ ಚೀಲದಲ್ಲಿ ಅರವತ್ತು ಮಿಲಿಲೀಟರ್. ಒಂದು ಪುಟ್ಟ ಕಾಫಿ ಲೋಟದಷ್ಟೂ ಇಲ್ಲ. ಉಸಿರನ್ನೇ ನೋಡುತ್ತಾ ಕೂತ ನಾನು ಅದನ್ನು ಗಮನಿಸಿರಲಿಲ್ಲ.

ಮತ್ತೆ ಫೋನ್ ಮಾಡಿದಾಗ ಪ್ರೊಫೆಸರರು ವಿವರಿಸಿದ್ದನ್ನು ಸರಳವಾಗಿ ಹೇಳುತ್ತೇನೆ. ಬಿ.ಎ.ಎಲ್. ಕ್ಯಾಡ್ಮಿಯಂ ಅನ್ನೂ ಹಿಡಿಯುತ್ತದೆ, ಆದರೆ ಕೊನೆಯವರೆಗೆ ಹಿಡಿದಿರುವುದಿಲ್ಲ. ಮೂತ್ರಪಿಂಡದವರೆಗೆ ಹೊತ್ತೊಯ್ದು ಅಲ್ಲಿ ಕೈಬಿಡುತ್ತದೆ. ಬೇರೆ ಕಡೆ ಹಂಚಿಹೋಗಬಹುದಾಗಿದ್ದ ವಿಷವೆಲ್ಲ ಒಂದೇ ಕಡೆ ಸುರಿದಂತಾಗುತ್ತದೆ. ಕ್ಯಾಡ್ಮಿಯಂಗೆ ಏನಾದರೂ ಕೊಡುವುದಿದ್ದರೆ ಇ.ಡಿ.ಟಿ.ಎ. ಎಂಬ ಬೇರೆ ಔಷಧ, ಅದೂ ಹೊಗೆ ಕುಡಿದ ಮೊದಲ ಕೆಲವು ಗಂಟೆಗಳಲ್ಲಿ. ಅದರಿಂದಲೂ ಲಾಭವಾಗುತ್ತದೆಂದು ಎದೆ ತಟ್ಟಿ ಹೇಳುವಂತಿಲ್ಲ. ಎರಡು ಮೂರು ದಿನ ಕಳೆದರೆ ಆ ಲೋಹ ಪಿತ್ತಜನಕಾಂಗ, ಮೂತ್ರಪಿಂಡದ ಜೀವಕೋಶಗಳೊಳಗೆ ಸೇರಿ ಕೂತುಬಿಡುತ್ತದೆ, ಯಾವ ಔಷಧಕ್ಕೂ ಕೈಗೆ ಸಿಗುವುದಿಲ್ಲ.

ಫೋನ್ ಇಟ್ಟ ಮೇಲೆ ಕಪಾಟಿನಿಂದ ಪುಸ್ತಕ ತೆಗೆದೆ. ಲೋಹದ ವಿಷಗಳ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ಕ್ಯಾಡ್ಮಿಯಂ ವಿಷಕ್ಕೆ ಬಿ.ಎ.ಎಲ್. ಕೊಡಕೂಡದು. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಎರಡು ಮಾತು ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಪ್ರೊಫೆಸರರು ಕೂಡಲೇ ಮಂಗಳೂರಿಗೆ ಕರೆತರಲು ಹೇಳಿದ್ದರು. ಹೊರಡುವ ಮುಂಚೆ ರಕ್ತ ಪರೀಕ್ಷೆ ಮಾಡಿದೆವು. ಶುಕ್ರವಾರ ನಲವತ್ತೆರಡು ಇದ್ದ ಯೂರಿಯಾ ನೂರಾ ಹದಿನೆಂಟಕ್ಕೆ ಏರಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಖಾದರ್ ಸಾಬರ ಜೀಪಿನಲ್ಲೇ ಎರಡು ಆಕ್ಸಿಜನ್ ಸಿಲಿಂಡರ್ ಹಾಕಿಕೊಂಡು ಮಂಗಳೂರಿಗೆ ಹೊರಟೆವು. ಸಕಲೇಶಪುರ ದಾಟಿ ದೋಣಿಗಲ್ ಹತ್ತಿರ ಅದಿರಿನ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ನಿಂತು, ಮುಕ್ಕಾಲು ಗಂಟೆ ಅಲ್ಲೇ ಕಾಯಬೇಕಾಯಿತು. ಖಾದರ್ ಸಾಬರು ಇಳಿದು ಹೋಗಿ, ಒಬ್ಬೊಬ್ಬ ಡ್ರೈವರನ ಹತ್ತಿರವೂ ಕೈಮುಗಿದು ದಾರಿ ಬಿಡಿಸಿದರು. ಪುಟ್ಟಾಚಾರ್ರಿಗೆ ಮಾತ್ರ ಬೇರೆಯದೇ ಚಿಂತೆ. ಮಾಸ್ಕನ್ನು ಕೈಯಿಂದ ಸರಿಸಿ ಅವರು ನನಗೆ ಹೇಳಿದ್ದು ಇಷ್ಟು: "ಸರದ ಕೊಂಡಿ ಒಂದು ಬೆಸೀಬೇಕು ಸಾರ್. ಹುಡ್ಗಿ ಮದ್ವೆಗೆ ಬರೀ ಕತ್ತಲ್ಲಿ ನಿಲ್ಲಂಗಾಗ್ಬಾರ್ದು. ಸೋಮವಾರದೊಳ್ಗೆ ಬುಟ್ಬುಡ್ತಾರಾ?"

ಬಿಡುತ್ತಾರೆ ಎಂದೆ.

ಮಂಗಳೂರಿನಲ್ಲಿ ಡಯಾಲಿಸಿಸ್ ಶುರುವಾಯಿತು. ಶ್ವಾಸಕೋಶ ನಿಧಾನವಾಗಿ ತಿಳಿಯಾಗುತ್ತಾ ಬಂತು. ಆರನೆಯ ದಿನ ಆಕ್ಸಿಜನ್ ಅರ್ಧಕ್ಕಿಳಿಸಿದರು. ಆದರೆ ಮೂತ್ರ ಮರಳಲಿಲ್ಲ. ಡಯಾಲಿಸಿಸ್ ನಡುವೆ ಸೋಂಕು ತಗುಲಿ, ಹೊಗೆ ಕುಡಿದ ಹನ್ನೊಂದನೆಯ ದಿನ ಪುಟ್ಟಾಚಾರ್ರು ತೀರಿಕೊಂಡರು. ಪ್ರೊಫೆಸರರು ನನ್ನನ್ನು ಪಕ್ಕಕ್ಕೆ ಕರೆದು, "ಕ್ಯಾಡ್ಮಿಯಂ ತಾನಾಗಿಯೇ ಕಿಡ್ನಿ ಕೆಡಿಸಬಹುದಿತ್ತು. ಅದರ ಪಾಲೆಷ್ಟು, ನಿನ್ನ ಪಾಲೆಷ್ಟು ಅಂತ ಯಾರಿಗೂ ಹೇಳೋಕಾಗಲ್ಲ," ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು. ನನಗೆ ಸಮಾಧಾನವಾಗಲಿಲ್ಲ. ನನ್ನ ಪಾಲು ಇಲ್ಲ ಎಂದು ಅವರೂ ಹೇಳಲಿಲ್ಲವಲ್ಲ.

ಶವ ತೆಗೆದುಕೊಂಡು ಹೊರಡುವಾಗ ಗೌರಮ್ಮ ನನ್ನ ಹತ್ತಿರ ಬಂದರು. ಅತ್ತು ಅತ್ತು ದನಿ ಹೋಗಿತ್ತು.

"ನೀವು ಕೈಲಾದ್ದೆಲ್ಲ ಮಾಡಿದ್ರಿ ಸಾರ್. ನಾನೇ ತಡ ಮಾಡ್ಬುಟ್ಟೆ. ಗುರುವಾರಾನೇ ಕರ್ಕಂಡ್ ಬಂದಿದ್ರೆ ನಿಮ್ಮ ಸೂಜಿ ಹಿಡೀತಿತ್ತು."

ಆಗ ಹೇಳಬೇಕಾಗಿತ್ತು. ಅಲ್ಲಮ್ಮಾ, ಬುಧವಾರವೇ ಬಂದಿದ್ದರು, ನಾನೇ ಕಳಿಸಿದೆ. ಸೂಜಿಯೂ ತಪ್ಪು ಸೂಜಿ. ಹೇಳಲಿಲ್ಲ. ಈ ಹೊತ್ತಿನಲ್ಲಿ ಇನ್ನಷ್ಟು ಸಂಕಟ ಯಾಕೆ ಕೊಡುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಸಂಗತಿ ಬೇರೆ. ಎಸ್ಟೇಟ್ ಮಾಲೀಕರ ಮುಖ, ಊರಿನವರ ಮುಖ, ಒಂಬತ್ತು ವರ್ಷದ ಹೆಸರು, ಎಲ್ಲ ಕಣ್ಣ ಮುಂದೆ ಬಂದವು. ಹೆದರಿದೆ. ಧೈರ್ಯ ತಂದುಕೊಳ್ಳಿ ಎಂದು ಅವರಿಗೆ ಹೇಳಿ ಜೀಪಿನ ಬಾಗಿಲು ಹಾಕಿದೆ.

ಆಮೇಲೆ ಎಂಟು ತಿಂಗಳು ಕಳೆಯಿತು. ಗೌರಮ್ಮ ಒಂದೆರಡು ಸಲ ಮೈ ಸರಿಯಿಲ್ಲವೆಂದು ಆಸ್ಪತ್ರೆಗೆ ಬಂದಿದ್ದರು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ದೇಹ ಕಡ್ಡಿಯಾಗಿತ್ತು. ನಾನು ಟಾನಿಕ್ ಬರೆದುಕೊಟ್ಟೆ. ನವೆಂಬರಿನಲ್ಲಿ ಪುಟ್ಟಾಚಾರ್ರ ತಮ್ಮ ರಾಮಾಚಾರಿ ಎಂಬುವರು ಕೆಮ್ಮಿಗೆ ಔಷಧ ಕೇಳಿಕೊಂಡು ಬಂದರು. ಆಲೂರಿನಲ್ಲಿ ಕೆಲಸ ಮಾಡಿಕೊಂಡಿದ್ದವರು ಅತ್ತಿಗೆಗೆ ಆಸರೆಯಾಗಲೆಂದು ಬಂದು, ಅಣ್ಣನ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದರು. ಈ ಸಲ ನಾನು ಮೊದಲು ಕೇಳಿದ್ದು ಏನು ಕೆಲಸ ಮಾಡುತ್ತೀರಿ ಎಂದು. ಕೆಡಿಎಂ ಎಂದರು. ಬಾಗಿಲು ಹಾಕಿಕೊಂಡೇ? ಹೌದು, ಮತ್ತೆ ಹೇಗೆ?

"ಅಣ್ಣ ಅದರಿಂದ್ಲೇ ಹೋದದ್ದು ಗೊತ್ತಿಲ್ವೇನ್ರೀ?" ಎಂದು ರೇಗಿದೆ.

ಅವರು ನಕ್ಕರು. "ಗೊತ್ತು ಸಾರ್. ಅಣ್ಣಂಗೆ ತಡ ಆಗ್ಬುಡ್ತು. ನಂಗೇನಾದ್ರೂ ಆದ್ರೆ ಅವತ್ತೇ ಓಡ್ ಬರ್ತೀನಿ. ನಿಮ್ಮ ಸೂಜಿ ಐತಲ್ಲ! ಅದೊಂದ್ ಸ್ಟಾಕ್ ಇಟ್ಟಿರಿ ಅಂತ ಅತ್ತಿಗೇನೇ ಹೇಳಿ ಕಳ್ಸವ್ರೆ."

ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಊರಿನಲ್ಲಿ ಒಂದು ನಂಬಿಕೆ ಬೆಳೆದಿತ್ತು. ಆ ನಂಬಿಕೆಯ ಮೇಲೆ ಈ ಮನುಷ್ಯ ದಿನಾ ವಿಷ ಉಸಿರಾಡುತ್ತಿದ್ದ.

ಮರುದಿನ ಹತ್ತು ಗಂಟೆಗೆ ಅವರ ಮನೆಗೆ ಹೋದೆ. ಸಿಸ್ಟರ್ ಫಿಲೋಮಿನಾ ತಾವಾಗಿಯೇ ಜೊತೆಗೆ ಬಂದರು. ರಾಮಾಚಾರಿ ಕೆಲಸ ನಿಲ್ಲಿಸಿ ಎದ್ದು ಬಂದರು, ಗೌರಮ್ಮ ಚಾಪೆ ಹಾಸಿದರು. ಕಾಫಿ ಕುಡಿದರೆ ಮಾತು ಹೊರಡುವುದಿಲ್ಲ ಎಂದು ಅನಿಸಿ, ಕಾಫಿ ಬೇಡವೆಂದೆ. ಎಲ್ಲವನ್ನೂ ಹೇಳಿದೆ. ಬುಧವಾರ ಎರಡು ನಿಮಿಷದಲ್ಲಿ ಕಳಿಸಿದ್ದು, ಸಿಸ್ಟರ್ ಪುಸ್ತಕ ನೋಡೋಣ ಎಂದದ್ದು, ನಾನು ಗದರಿದ್ದು, ಆರು ಸೂಜಿ ಮೂತ್ರಪಿಂಡಕ್ಕೆ ಮಾಡಿದ್ದು. ಕ್ಯಾಡ್ಮಿಯಂ ಹೊಗೆಗೆ ನನ್ನ ಹತ್ತಿರ ಮಾತ್ರವಲ್ಲ, ಯಾರ ಹತ್ತಿರವೂ ನೆಚ್ಚಿಕೊಳ್ಳುವಂಥ ಔಷಧ ಇಲ್ಲ, ಹೊಗೆ ಕುಡಿಯದೆ ಇರುವುದೊಂದೇ ದಾರಿ ಎಂದೂ ಹೇಳಿದೆ.

ರಾಮಾಚಾರಿ ತಲೆ ತಗ್ಗಿಸಿ ಕೂತರು. ಗೌರಮ್ಮ ನನ್ನನ್ನೇ ನೋಡುತ್ತಿದ್ದರು.

"ನೀವು ಸೂಜಿ ಕೇಳಿದ್ರಿ ಅಂತ ನಾನು ಹಾಕಿದ್ದಲ್ಲಮ್ಮ," ಎಂದೆ. "ನಂಗೆ ಎಲ್ಲಾ ಗೊತ್ತು ಅಂದ್ಕೊಂಡು ಹಾಕಿದ್ದು."

ಅವರು ಕೂಗಾಡದೆ, ಮೆಲ್ಲಗೆ ಕೇಳಿದರು.

"ಹಂಗಾದ್ರೆ ನಾನು ತಡ ಮಾಡಿರ್ಲಿಲ್ಲ?"

"ಇಲ್ಲಮ್ಮ. ನಿಮ್ಮದೇನೂ ತಪ್ಪಿರ್ಲಿಲ್ಲ."

"ಎಂಟ್ ತಿಂಗ್ಳು ಸಾರ್. ಗುರುವಾರ ಕಾಫಿ ಕೊಟ್ಟು ಸುಮ್ನೆ ಕೂತ್ಬುಟ್ನಲ್ಲ, ನಾನೇ ಗಂಡನ್ನ ಕೊಂದ್ಬುಟ್ಟೆ ಅಂತ ದಿನಾ ಬೇಯ್ತಿದ್ದೆ. ನಿಮ್ಮುನ್ನೇ ನೋಡಾಕೆ ಬಂದಿದ್ನಲ್ಲ, ಎರಡ್ ಸಲ. ಟಾನಿಕ್ ಕೊಟ್ರಿ. ಒಂದ್ ಮಾತು ಹೇಳ್ಬೋದಾಗಿತ್ತು."

ಎದ್ದು ಒಳಗೆ ಹೋದರು. ನಾನು ಅಲ್ಲಿರುವವರೆಗೆ ಹೊರಗೆ ಬರಲಿಲ್ಲ.

ರಾಮಾಚಾರಿ ಆ ವಾರವೇ ಹಳೆಯ ತಾಮ್ರ ಬೆಳ್ಳಿಯ ಬೆಸುಗೆಗೆ ಮರಳಿದರು. ಕೆಲವು ಗಿರಾಕಿಗಳು ಸಕಲೇಶಪುರದ ಅಂಗಡಿಗಳಿಗೆ ಹೋದರೆಂದು ಕೇಳಿದೆ. ಮಾಲೀಕರಿಗೂ ನಡೆದದ್ದನ್ನು ಬರೆದು ತಿಳಿಸಿದೆ. ಅವರು ಕೆಲಸದಿಂದ ತೆಗೆಯಲಿಲ್ಲ, ಆ ಕಾಡಿಗೆ ಬೇರೆ ಡಾಕ್ಟರ್ ಸಿಗುವುದು ಕಷ್ಟವಿತ್ತು. ಇನ್ನೂ ಆರು ವರ್ಷ ನಾನು ಅಲ್ಲಿದ್ದೆ. ಆ ಆರು ವರ್ಷದಲ್ಲಿ ಗೌರಮ್ಮ ನಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಜ್ವರ ಬಂದರೂ ಬಸ್ಸು ಹಿಡಿದು ಸಕಲೇಶಪುರಕ್ಕೆ ಹೋಗುತ್ತಿದ್ದರು. ಅದನ್ನು ತಪ್ಪು ಎನ್ನುವ ಹಕ್ಕು ನನಗಿರಲಿಲ್ಲ.

ವೃತ್ತಿ ನನಗೆ ಕಲಿಸಿದ್ದೇನು ಎಂದು ಈಗ ಕಿರಿಯ ಡಾಕ್ಟರುಗಳು ಕೇಳುತ್ತಾರೆ. ರೋಗಿ ಏನು ಕೆಲಸ ಮಾಡುತ್ತಾನೆ ಎಂದು ಮೊದಲು ಕೇಳಿ, ಸೂಜಿ ಎತ್ತುವ ಮುಂಚೆ ಪುಟದ ಕೊನೆಯ ಸಾಲಿನವರೆಗೆ ಓದಿ, ಸಿಸ್ಟರ್ ಹೇಳಿದರೆ ಕೇಳಿಸಿಕೊಳ್ಳಿ ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ, ಕೆಲವರು ಬರೆದುಕೊಳ್ಳುತ್ತಾರೆ. ಇನ್ನೊಂದು ಪಾಠವನ್ನು ಹೇಳುವುದು ನನಗೆ ಇವತ್ತಿಗೂ ಕಷ್ಟ. ಡಾಕ್ಟರು ತನ್ನ ತಪ್ಪನ್ನು ಹೇಳದೆ ಉಳಿದರೆ, ಆ ತಪ್ಪನ್ನು ಬೇರೆ ಯಾರೋ ತಮ್ಮದೆಂದು ಹೊತ್ತುಕೊಂಡು ತಿರುಗುತ್ತಿರುತ್ತಾರೆ. ನನ್ನದನ್ನು ಎಂಟು ತಿಂಗಳು ಗೌರಮ್ಮ ಹೊತ್ತರು, ನಾನು ಅವರಿಗೆ ಟಾನಿಕ್ ಬರೆದುಕೊಟ್ಟೆ.